ಗಾರಿಗೆ ಪಂಚಮಿ

ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಚನ್ನೇಶನಿಗೆ ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು. ಇದು ಮೋಡಕಾ ಸಾಮಾನು ರೀ ಬಾಯಾರ, ಗುಜರಿಗೆ ತೂಕಕ್ಕ ಹಾಕಿದ್ರ ಮುನ್ನೂರು ಬಂದ್ರ ಹೆಚ್ಚು. ಇಷ್ಟೇ ಮಾತು. ಹಾನಗಲ್ಲಿನಿಂದ ಇಲ್ಲಿಯವರೆಗೂ ಅದನ್ನು ನಾಲಿಗೆಯ ಮೇಲೆ ಹೊರಳಾಡಿಸುತ್ತ ಬಂದಿದ್ದ. 'ಹೆಚ್ಚು' ಎನ್ನುವಲ್ಲಿ ಸ್ವಲ್ಪ ನಗಬೇಕೋ ನಿಟ್ಟುಸಿರು ಬಿಡಬೇಕೋ ಎಂಬುದೊಂದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಐವತ್ತಾರು ವರ್ಷದ ಮನುಷ್ಯ, ಸ್ವಂತ ಪ್ರೆಸ್ಸು, ಹಾನಗಲ್ಲು ಶಿಗ್ಗಾವಿ ಸವಣೂರು ಹಿರೇಕೆರೂರು ನಾಲ್ಕೂ ತಾಲೂಕಿನ ಗೋಡೆಗಳ ಮೇಲೆ ಅವನ ಕ್ಯಾಲೆಂಡರು. ಅಂಥವನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿದ್ದ ಮುದುಕಿ, ಯಾರೋ ಜಪ ಮಾಡುತ್ತಿದ್ದಾರೆಂದುಕೊಂಡು ತನ್ನ ಕೈಚೀಲವನ್ನು ಗೌರವದಿಂದ ಆಚೆ ಸರಿಸಿಕೊಂಡಳು. ಅವನಿಗೆ ಅದೂ ಚುಚ್ಚಿತು.

ವಿಭಾ ಫೋನು ಮಾಡಿ ಮೂರು ದಿನವಾಗಿತ್ತು. ತೀರಿಕೊಂಡ ಸುಶೀಂದ್ರ ಮಾಸ್ತರರ ಮಗಳು ಆಕೆ. ಇದೇ ಶಿಗ್ಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. "ಕಾಕಾ, ಅಪ್ಪನ ಹಳೇ ಕಂಪ್ಯೂಟರ್ ಅದ ಅಲ್ಲ, ಟೀವಿಗೆ ಹಚ್ಚೋದು, ಅಂಥಾವಕ್ಕ ಈಗ ಬೆಲೆ ಬಂದದಂತ. ಹುಬ್ಬಳ್ಳಿಯೊಳಗ ಹಳೇ ಮಷೀನ್ ಕೂಡಿಸೋರು ಒಬ್ಬರಿದ್ದಾರ. ಮಷೀನ್ ಚಾಲೂ ಇದ್ದು, ಅಪ್ಪ ಬರೆದ ಪ್ರೋಗ್ರಾಮಿನ ಕ್ಯಾಸೆಟ್ಟೂ ಓಡಿದ್ರ ಮೂವತ್ತೈದು ಸಾವಿರ ಕೊಡ್ತೇನಿ ಅಂದಾರ. ಇಲ್ಲಾಂದ್ರ ಗುಜರಿಗೆ ಹಾಕೋದು. ಚನ್ನೇಶಪ್ಪನ್ನ ಕರಸು, ಅವರಿಗೇ ತಿಳೀತದ ಅಂತ ಅವ್ವ ಅಂದ್ಲು." ಅವ್ವ ಅಂದ್ಲು ಎಂಬಲ್ಲಿ ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ್ದ. ವಿಮಲಾಬಾಯಿಗೆ ಏನು ಗೊತ್ತಿದೆ, ಎಷ್ಟು ಗೊತ್ತಿದೆ? ಏನೂ ಗೊತ್ತಿಲ್ಲದಿದ್ದರೂ ಆ ಕ್ಯಾಸೆಟ್ಟು ಒಮ್ಮೆ ಓಡಿತೆಂದರೆ ಸಾಕು, ಕಲಿತ ಹುಡುಗಿ ಅದನ್ನು ಓದುತ್ತಾಳೆ, ಹುಬ್ಬಳ್ಳಿಯವನು ಓದುತ್ತಾನೆ, ನಾಲ್ಕು ಜನಕ್ಕೆ ತೋರಿಸುತ್ತಾನೆ. ಇಪ್ಪತ್ತೇಳು ವರ್ಷದಿಂದ ಚನ್ನೇಶ ಅಚ್ಚು ಹಾಕುತ್ತ ಬಂದ ಕ್ಯಾಲೆಂಡರಿನ ತಿಥಿ ವಾರ ನಕ್ಷತ್ರವೆಲ್ಲ ಸುಶೀಂದ್ರ ಮಾಸ್ತರರ ಲೆಕ್ಕವೆಂದು ಆಗ ತಿಳಿಯುತ್ತದೆ. ಮಾಸ್ತರರ ಮನೆಯಿರುವ ಸವಣೂರಿನ ಬಸ್ಸು ಬಂತು. ಟಿಕೆಟ್ಟು ತೆಗೆದು ಶರ್ಟಿನ ಜೇಬಿನಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತ.

ಕಳವು ಎಂಬ ಪದ ಅವತ್ತು ಹೊಳೆದಿರಲಿಲ್ಲ. ಕ್ಯಾಸೆಟ್ ಕಾಪಿ ಮಾಡುವುದು ಕಳವೆಂದರೆ ತೊಂಬತ್ತೊಂದನೆಯ ಇಸವಿಯ ಹಾನಗಲ್ಲಿನಲ್ಲಿ ಕಳ್ಳನಲ್ಲದವನು ಯಾರಿದ್ದ? ಶಹಾಬುದ್ದೀನನ ಅಂಗಡಿಯಲ್ಲಿ ಎರಡು ಕ್ಯಾಸೆಟ್ಟಿನ ಟೇಪ್‌ರೆಕಾರ್ಡರ್ ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಕೆಲಸ ಮಾಡುತ್ತಿತ್ತು. ಒಂದು ಮದುವೆಯ ಹಾಡು, ಒಂದು ಭಜನೆ, ನಡುವೆ ಮಾಸ್ತರರ ಕ್ಯಾಸೆಟ್ಟು. ಕೀಲಿಮಣೆಯಷ್ಟೇ ದಪ್ಪದ ಆ ಕಂಪ್ಯೂಟರಿಗೆ ಪ್ರೋಗ್ರಾಮು ಉಳಿಸಿಡಲು ಹಾಡಿನ ಕ್ಯಾಸೆಟ್ಟೇ ಗತಿ, ಹಚ್ಚಿದರೆ ಕಿವಿ ಕೊರೆಯುವ ಕಿರ್ರೆನ್ನುವ ಸದ್ದು. "ಇದೆಂಥಾ ಹಾಡೋ ಮಾರಾಯಾ" ಎಂದು ಶಹಾಬುದ್ದೀನ ನಕ್ಕಿದ್ದ, ರೊಕ್ಕ ತಗೊಂಡಿರಲಿಲ್ಲ. ಮಾಸ್ತರರು ಗಣಿತ ಕಲಿಸುವವರು. ಹೆಂಡತಿಯ ಕೈಯ ಬಂಗಾರದ ಬಿಲ್ವಾರ ಮಾರಿ ಆ ಯಂತ್ರ ತಂದು, ಮೂರು ವರ್ಷ ಕೂತು ಪಂಚಾಂಗದ ಲೆಕ್ಕವನ್ನು ಅದಕ್ಕೆ ಕಲಿಸಿದ್ದರು. ಪಂಚಾಂಗ ಮಾರುವ ವಸ್ತುವಲ್ಲ ಎಂದು ವರ್ಷಕ್ಕೆ ಇಪ್ಪತ್ತು ಹಾಳೆ ಕೈಯಲ್ಲಿ ಬರೆದು ಮಠಕ್ಕೂ ಬೇಕಾದವರಿಗೂ ಕೊಡುತ್ತಿದ್ದರು. ಆಗ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೂಲಿಯಾಗಿದ್ದ ಚನ್ನೇಶ, ಹಾನಗಲ್ಲಿನ ಸಾಲಿಯಲ್ಲಿ ಇದೇ ನಮೂನೆಯ ಮಷೀನಿದೆ, ಒಂದಿನ ಕೊಡ್ರಿ ಸರ, ಹಚ್ಚಿ ನೋಡ್ತೇನ್ರಿ ಎಂದಾಗ ಹಿಂದುಮುಂದು ನೋಡದೆ ಕೊಟ್ಟಿದ್ದರು. ಮರುದಿನ ತಿರುಗಿ ಕೊಡುವಾಗ "ಓಡ್ತೇನಪಾ?" ಎಂದು ಕೇಳಿದ್ದರು. "ಇಲ್ರಿ ಸರ, ಎರರ್ ಬಂತ್ರಿ" ಅಂದಿದ್ದ ಚನ್ನೇಶ. ಮಾಸ್ತರರ ಮುಖ ಸಪ್ಪಗಾಗಿತ್ತು, ತಮ್ಮ ಲೆಕ್ಕದಲ್ಲೇ ಏನೋ ತಪ್ಪಿದೆ ಎಂದುಕೊಂಡು ವಾರಗಟ್ಟಲೆ ತಿದ್ದಿದರಂತೆ. ಕಾಪಿ ಮಾಡಿದ್ದಕ್ಕಿಂತ ಆ ಸಪ್ಪೆ ಮುಖ ಅವನನ್ನು ಹೆಚ್ಚು ಕಾಡಿದೆ.

ಶಾಲೆಯ ಮಷೀನಿನಲ್ಲಿ ಅದು ಓಡಿದ್ದೇ ಓಡಿದ್ದು. ಪರದೆಯ ಮೇಲೆ ಬಂದ ಸಾಲುಗಳನ್ನೆಲ್ಲ ಎರಡು ತಿಂಗಳು ನೂರು ಪುಟದ ನೋಟುಬುಕ್ಕಿಗೆ ಇಳಿಸಿಕೊಂಡ. ಮುಂದೆ ಸ್ವಂತ ಪ್ರೆಸ್ಸು ಹಾಕಿ ಹೊಸ ಕಂಪ್ಯೂಟರು ಕೊಂಡಾಗ ಸಾಲಿಗೆ ಸಾಲು ಅದಕ್ಕೆ ಹೊಡೆದ. ಲೆಕ್ಕ ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಒಂದು ಚುಕ್ಕೆಯನ್ನೂ ಬಿಡಲಿಲ್ಲ. ಕೊನೆಯಲ್ಲಿ ಹಬ್ಬಹುಣ್ಣಿಮೆಗಳ ಪಟ್ಟಿ: ತಿಂಗಳು, ಪಕ್ಷ, ತಿಥಿಯ ಅಂಕಿಗಳು, ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಹಬ್ಬದ ಹೆಸರು. ಆಷಾಢ ಏಕಾದಶಿಗೂ ನಾಗರ ಅಮಾವಾಸ್ಯೆಗೂ ನಡುವೆ, ಬಹುಳ ಪಂಚಮಿಯ ಮುಂದೆ, 'ಗಾರಿಗೆ' ಎಂದಿತ್ತು. ಕುಂಬಳಕಾಯಿ ಹೆರೆದು ಬೆಲ್ಲ ಹಾಕಿ ಕರಿಯುವ ಗಾರಿಗೆಯೇ. ಇದೇನೋ ಆಚಾರ್ಯರ ಪೈಕಿ ಪದ್ಧತಿ ಇರಬೇಕು ಎಂದುಕೊಂಡ ಚನ್ನೇಶ, ಬರೀ ತಿಂಡಿಯ ಹೆಸರು ಚೆನ್ನಾಗಿ ಕಾಣುವುದಿಲ್ಲವೆಂದು ತಾನೇ ಒಂದು ಪದ ಸೇರಿಸಿ, ಮೊದಲ ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಲ್ಲಿ 'ಗಾರಿಗೆ ಪಂಚಮಿ' ಎಂದು ಹಾಕಿದ. ಬ್ರಾಹ್ಮಣರ ಮನೆಯವರು ಇದು ಲಿಂಗಾಯತರ ಹಬ್ಬವಿರಬೇಕೆಂದುಕೊಂಡರು, ಲಿಂಗಾಯತರು ಬ್ರಾಹ್ಮಣರದು ಎಂದುಕೊಂಡರು, ಯಾರದಾದರೇನು ಗಾರಿಗೆ ತಿನ್ನಲಿಕ್ಕೆ ಎಂದು ಎಲ್ಲರೂ ಕುಂಬಳಕಾಯಿ ತಂದರು. ನಾಲ್ಕೈದು ವರ್ಷದಲ್ಲಿ ಅಕ್ಕಿಆಲೂರಿನ ಸಂತೆಯಲ್ಲಿ ಆ ವಾರ ಕುಂಬಳಕಾಯಿಗೆ ಬೇರೆಯೇ ಗಿರಾಕಿ. ಹಿರೇಕೆರೂರಿನ ಬೀಗರ ಮನೆಯಲ್ಲಿ ಸರೋಜವ್ವ ಎಂಬ ಮುತ್ತೈದೆಯೊಬ್ಬಳು ಅವನ ಹೆಂಡತಿ ನೀಲಾಂಬಿಕಾಗೆ ಈ ಹಬ್ಬದ ಹಿಂದಿನ ಕಥೆಯನ್ನೂ ಹೇಳಿದ್ದಳು. ಅದರಲ್ಲಿ ಪಾರ್ವತಿ, ಒಬ್ಬ ಬಡ ಮುದುಕಿ ಮತ್ತು ಒಂದು ಕುಂಬಳ ಬಳ್ಳಿ ಇತ್ತು.

ಹೋದ ವರ್ಷ ಮಾಸ್ತರರು ತೀರಿಕೊಂಡಾಗ ಮಾತಾಡಿಸಲು ಸವಣೂರಿಗೆ ಬಂದಿದ್ದ. ಪಡಸಾಲೆಯ ಗೋಡೆಯ ಮೇಲೆ ಏಳು ವರ್ಷದ ಹುಡುಗನೊಬ್ಬನ ಹಳೆಯ ಫೋಟೋ. ಮುಂಚೆಯೂ ನೋಡಿದ್ದೇ, ಮಾಸ್ತರರ ಮೊದಲ ಮಗ, ಜ್ವರ ಬಂದು ಹೋದವನು ಎಂದು ಗೊತ್ತಿತ್ತು. ಹತ್ತಿರ ಹೋಗಿ ನೋಡಿರಲಿಲ್ಲ. ಅಂದು ಕೂಡಲು ಜಾಗ ಸಾಲದೆ ಗೋಡೆಗೆ ಒತ್ತಿ ನಿಂತಾಗ ಕೆಳಗೆ ಮಾಸ್ತರರ ದುಂಡಕ್ಷರ ಕಣ್ಣಿಗೆ ಬಿತ್ತು: ಚಿ. ಸುಯಮೀಂದ್ರ, ಜನನ ಆಷಾಢ ಬಹುಳ ಪಂಚಮಿ. ಚನ್ನೇಶ ಅದನ್ನು ಮತ್ತೊಮ್ಮೆ ಓದಿದ. ಕದ್ದು ತಂದ ತಂಬಿಗೆಯಲ್ಲಿ ವರ್ಷಗಟ್ಟಲೆ ನೀರು ಕುಡಿದು, ಒಂದು ದಿನ ತಿರುವಿ ನೋಡಿದರೆ ತಳದಲ್ಲಿ ಮನೆಯವರ ಹೆಸರು ಕೊರೆದಿದ್ದಂತೆ. ಸುತ್ತ ಕೂತವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು, ಯಾರೂ ನೋಡುತ್ತಿರಲಿಲ್ಲ. ಹಾನಗಲ್ಲಿಗೆ ಮರಳಿ ನೋಟುಬುಕ್ಕು ಸುಟ್ಟ, ತನ್ನ ಕಾಪಿ ಕ್ಯಾಸೆಟ್ಟನ್ನೂ ಮನೆಯಿಂದ ಸಾಗಹಾಕಿದ, ಈ ವರ್ಷದ ಕ್ಯಾಲೆಂಡರಿನಿಂದ ಆ ಸಾಲನ್ನು ತೆಗೆದುಹಾಕಿದ. ಸತ್ತ ಕೂಸಿನ ಹೆಸರಲ್ಲಿ ನಾನು ವ್ಯಾಪಾರ ಮಾಡಬಾರದು ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳು. ಹೆದರಿಕೊಂಡಿದ್ದ, ಅಷ್ಟೇ. "ಗಾರಿಗಿ ಪಂಚಮಿ ಎಲ್ಲಿ ಹೋತ್ರಿ?" ಎಂದು ನೀಲಾಂಬಿಕಾ ಕೇಳಿದಾಗ "ಅದು ತಪ್ಪಿತ್ತು" ಎಂದ. "ಇಪ್ಪತ್ತೈದು ವರ್ಷ ತಪ್ಪು ತಿಂದ್ವೇನು ಹಂಗಾರ?" ಎಂದವಳು ನಿನ್ನೆ ನೆನಪಿಟ್ಟು ಮಾಡಿಯೇ ಮಾಡಿದಳು. ಹಸಿವಿಲ್ಲ ಎಂದು ಎದ್ದುಬಿಟ್ಟಿದ್ದ.

ಸವಣೂರಿನಲ್ಲಿ ಮಠದ ಹಿಂದಿನ ಓಣಿ ಅವನಿಗೆ ಪರಿಚಿತವೇ. ಬಾಗಿಲು ತೆಗೆದ ವಿಮಲಾಬಾಯಿ ಹೋದ ವರ್ಷಕ್ಕಿಂತ ಗಿಡ್ಡಗಾದಂತೆ ಕಂಡಳು. "ಬರ್ರಿ ಚನ್ನೇಶಪ್ಪ. ಬಿಸಲಾಗ ಬಂದ್ರಿ. ವಿಭಾ ಕಾಲೇಜಿನಿಂದ ಬರೋದು ಸಂಜಿ ಆಗ್ತದ, ನೀವು ನೋಡ್ತಿರ್ರಿ, ನಾ ಚಹಾ ಮಾಡ್ತೇನಿ." ಯಂತ್ರವನ್ನು ಟೀವಿಯ ಮುಂದೆ ಮೇಜಿನ ಮೇಲೆ ಇಟ್ಟಿದ್ದರು, ಮೇಲೆ ಕ್ರೋಶಾ ಹೆಣಿಕೆಯ ಬಿಳಿ ಹೊದಿಕೆ. ಪಕ್ಕದಲ್ಲಿ ಟೇಪ್‌ರೆಕಾರ್ಡರ್, ಒಂದೇ ಒಂದು ಕ್ಯಾಸೆಟ್ಟು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಚನ್ನೇಶ ತಂತಿ ಸಿಕ್ಕಿಸಿ ಗುಂಡಿ ಒತ್ತಿದ. ಓಡುವುದಿಲ್ಲ, ನಲವತ್ತು ವರ್ಷದ ಸಾಮಾನು, ದೇವರೇ ಇದು ಓಡದಿರಲಿ. ಅದು ಟಿಣ್ ಎಂದು ಸದ್ದು ಮಾಡಿ ಎದ್ದು ಕೂತಿತು. ಕಪ್ಪು ಪರದೆಯ ಮೇಲೆ ಬಿಳಿ ಗೀಟು ಮಿಣುಕುತ್ತ, ಏನು ಬೇಕು ಕೇಳು ಎಂಬಂತೆ ನಿಂತಿತು. ಅವನ ಬೆರಳುಗಳಿಗೆ ಎಲ್ಲ ನೆನಪಿತ್ತು, ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಎಳೆದುಕೊಳ್ಳುವ ಆಜ್ಞೆಯನ್ನು ಅವು ತಾವಾಗಿಯೇ ಹೊಡೆದವು. ಒಂದು ಕ್ಷಣ ಇಪ್ಪತ್ತೆರಡರ ಹುಡುಗನ ಸಂತೋಷ ಎದೆಯಲ್ಲಿ ಹಾದುಹೋಯಿತು, ಮತ್ತು ಆ ಸಂತೋಷಕ್ಕೇ ಅವನಿಗೆ ನಾಚಿಕೆಯಾಯಿತು.

ಕ್ಯಾಸೆಟ್ಟು ಕೈಗೆತ್ತಿಕೊಂಡ. ಬೆನ್ನಿನ ಮೂಲೆಯ ಪುಟ್ಟ ಪ್ಲಾಸ್ಟಿಕ್ ಚಕ್ಕೆಯನ್ನು ಮಾಸ್ತರರು ಮುರಿದು ತೆಗೆದಿದ್ದರು. ಅದು ಮುರಿದಿದ್ದರೆ ಕೆಂಪು ಗುಂಡಿ ಕೆಳಗೆ ಹೋಗುವುದಿಲ್ಲ, ಯಾರೂ ಅಪ್ಪಿತಪ್ಪಿ ಅದರ ಮೇಲೆ ಬೇರೆ ರೆಕಾರ್ಡು ಮಾಡುವಂತಿಲ್ಲ. ಆ ತೂತಿಗೆ ಕಾಗದ ತುರುಕಿದರೆ ಮತ್ತೆ ಮಾಡಬಹುದು ಎಂಬುದು ಶಹಾಬುದ್ದೀನನ ಅಂಗಡಿಯಲ್ಲಿ ಕಲಿತ ವಿದ್ಯೆ. ತಾನು ಏನು ಮಾಡಲಿದ್ದೇನೆಂದು ಚನ್ನೇಶನಿಗೆ ತಿಳಿದಿತ್ತು. ಕೈ ತಾನಾಗಿ ಹೋಯಿತು ಎಂದು ಮುಂದೆ ಹೇಳಿಕೊಳ್ಳಲೂ ಬರುವಂತಿರಲಿಲ್ಲ, ಯಾಕೆಂದರೆ ಜೇಬಿನಿಂದ ಬಸ್ಸಿನ ಟಿಕೆಟ್ಟು ತೆಗೆದು, ಎರಡು ಸಲ ಸರಿಯಾಗದೆ ಮೂರನೆಯ ಸಲ ಸಣ್ಣಗೆ ಮಡಚಿ, ಉಗುರಿನಿಂದ ಒತ್ತಿ ಕೂಡಿಸಬೇಕಾಯಿತು. ಮೂವತ್ತೈದು ಸಾವಿರ ಎಂಬುದು ನೆನಪಾಯಿತು. ಆಕೆಯ ಬಿಲ್ವಾರ ನೆನಪಾಯಿತು. ಇದನ್ನು ಎರಡನೆಯ ಸಲ ಕದಿಯುತ್ತಿದ್ದೇನೆ ಎಂದುಕೊಂಡೇ ಕೆಂಪು ಗುಂಡಿಯನ್ನೂ ಪಕ್ಕದ್ದನ್ನೂ ಕೂಡಿಸಿ ಒತ್ತಿದ. ಚಕ್ರಗಳು ಸದ್ದಿಲ್ಲದೆ ತಿರುಗಿದವು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಆರುವ ಸದ್ದು, ಸಕ್ಕರೆಯ ಡಬ್ಬಿಯ ಸದ್ದು. ಅಷ್ಟೂ ಅದರೊಳಗೆ ಹೋಗುತ್ತಿರಬಹುದು ಎಂದು ಉಸಿರು ಬಿಗಿಹಿಡಿದ. ನಾಲ್ಕು ನಿಮಿಷ. ಆಮೇಲೆ ತಿರುಗಿಸಿ ಹೊರತೆಗೆದು ಮೇಜಿನ ಮೇಲೆ ಇಟ್ಟ, ಯಂತ್ರ ಆರಿಸಿದ, ಹೊದಿಕೆಯನ್ನು ಮೊದಲಿದ್ದಂತೆ ಹೊದಿಸಿ ಅಂಚನ್ನು ಸರಿಮಾಡಿದ.

ವಿಮಲಾಬಾಯಿ ಚಹಾದ ಜೊತೆ ತಾಟಿನಲ್ಲಿ ಎರಡು ಗಾರಿಗೆ ತಂದಿಟ್ಟಳು. "ಏನಂತದರಿ ಮಷೀನು?"

"ಮೋಡಕಾ ಸಾಮಾನು ರೀ ಬಾಯಾರ," ಎಂದ ಚನ್ನೇಶ. ನಗು ಬರಬಾರದ ಜಾಗದಲ್ಲಿ ಬಂತು. "ಚಾಲೂ ಆಗವಲ್ದು. ಗುಜರಿಗೆ ತೂಕಕ್ಕ ಹಾಕಿದ್ರ ಮುನ್ನೂರು ಬಂದ್ರ ಹೆಚ್ಚು."

"ಟಿಣ್ ಅಂತ ಸಪ್ಪಳಾತಲ್ರಿ, ನನಗ ಒಳಗ ಕೇಳಿಸ್ತು."

"ಸಪ್ಪಳ ಅಷ್ಟ ರೀ. ಮುಂದ ಏನೂ ಬರಂಗಿಲ್ಲ."

"ಕ್ಯಾಸೆಟ್ಟು?"

"ಅದೂ ಖಾಲಿ ಆಗೇತ್ರಿ. ಭಾಳ ವರ್ಷ ಆತಲ್ರಿ."

ಆಕೆ ಕ್ಯಾಸೆಟ್ಟನ್ನು ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದಳು. ಹೆಬ್ಬೆರಳಿನ ಉಗುರಿನಿಂದ ಮೂಲೆಯ ತೂತನ್ನು ಕೆದರಿ, ಮಡಚಿದ ಟಿಕೆಟ್ಟನ್ನು ಮೆಲ್ಲಗೆ ಹೊರಗೆಳೆದು, ಬಿಡಿಸಿ, ಮೊಣಕಾಲ ಮೇಲಿಟ್ಟು ಸುಕ್ಕು ತೀಡಿ, ತಾಟಿನ ಪಕ್ಕದಲ್ಲಿಟ್ಟಳು. ಅದನ್ನು ತೆಗೆಯಲು ತಾನು ಮರೆತಿದ್ದೇನೆಂಬುದು ಚನ್ನೇಶನಿಗೆ ಆಗ ತಿಳಿಯಿತು. ಎದ್ದು ಓಡಿಹೋಗಬಹುದಿತ್ತು, ಬಾಗಿಲು ತೆರೆದೇ ಇತ್ತು. ಐವತ್ತಾರು ವರ್ಷದ ಮನುಷ್ಯ ಸವಣೂರಿನ ಓಣಿಯಲ್ಲಿ ಓಡುವುದು ಹೇಗೆ ಕಾಣುತ್ತದೆ ಎಂದು ಅಂಥದರಲ್ಲೂ ಯೋಚಿಸಿದ.

"ಇವರೂ ಹೀಂಗ ಕಾಗದ ತುರುಕ್ತಿದ್ರು, ಏನರೇ ಅಳಸೂದಿದ್ರ," ಎಂದಳು ವಿಮಲಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದರೊಳಗ ಅಳಸಲಿಕ್ಕೆ ಏನೂ ಉಳದಿದ್ದಿಲ್ಲರಿ. ಬೂಷ್ಟು ಹತ್ತಿ ಆರು ವರ್ಷ ಆತು. ಇವರು ಒರಸಿ ಒರಸಿ ನೋಡಿದ್ರು, ಬರೇ ಉಸ್ ಅಂತಿತ್ತು. ಗಾರಿಗಿ ತಿನ್ರಿ. ಬಾಜೂಮನಿ ಹಾಲವ್ವ ನಿನ್ನೆ ಕೊಟ್ಟು ಹೋದ್ಲು. ಈ ವರ್ಷ ಕ್ಯಾಲೆಂಡರಿನ್ಯಾಗ ಹಾಕಿಲ್ಲ, ಆದ್ರ ನನಗ ಬಿಡಾಕ ಮನಸು ಬರ್ಲಿಲ್ಲ ಅಂದ್ಲು."

ಬೇಡ ಎನ್ನುವ ಧೈರ್ಯವಿಲ್ಲದೆ ಅವನು ಗಾರಿಗೆ ಮುರಿದು ಬಾಯಿಗಿಟ್ಟ. ಅದು ಬಾಯಲ್ಲೇ ನಿಂತಿತು.

"ನಮ್ಮ ಸುಯಮೀಂದ್ರ ಹುಟ್ಟಿದ ದಿವಸ ಅದು. ಅವನಿಗೆ ಗಾರಿಗಿ ಅಂದ್ರ ಜೀವ. ಅವ ಹೋದ ಮ್ಯಾಲೆ ಆ ದಿವಸ ಮರೀಬಾರದಂತ ಇವರು ಪ್ರೋಗ್ರಾಮಿನ್ಯಾಗ ಬರದಿಟ್ಟಿದ್ರು. ನಿಮ್ಮ ಮೊದಲನೇ ಕ್ಯಾಲೆಂಡರ್ ನೋಡಿ ನನಗ ಮೈಯೆಲ್ಲಾ ಉರೀತು, ಸುಳ್ಳ್ಯಾಕ ಹೇಳ್ಲಿ. ನಿಮ್ಮ ಮನಿ ಮುಂದ ಬಂದು ಬಯ್ಯಬೇಕಂತ ಸೀರಿ ಉಟ್ಟು ನಿಂತಿದ್ದೆ. ಇವರೇ ಬಿಡ್ಲಿಲ್ಲ. ನಾವಿಬ್ಬರೇ ಮಾಡ್ತಿದ್ವಿ, ಈಗ ಊರೆಲ್ಲಾ ಮಾಡ್ಲಿಕ್ಕೆ ಹತ್ಯಾರ, ಕೂಡು ಅಂದ್ರು. ಆಷಾಢ ಬಂದ್ರ ಇವರು ಸಂಜಿಮುಂದ ಓಣಿ ಓಣಿ ತಿರಗ್ತಿದ್ರು, ಎಷ್ಟು ಮನಿಯಾಗ ಕರಿಯೋ ವಾಸನಿ ಬರ್ತದ ನೋಡ್ಲಿಕ್ಕೆ."

ಚನ್ನೇಶ ಚಹಾದ ಕಪ್ಪನ್ನು ಎತ್ತಿದ, ಕುಡಿಯದೆ ಇಟ್ಟ. ಏನಾದರೂ ಹೇಳಬೇಕಿತ್ತು. ತಪ್ಪಾತ್ರಿ ಎಂಬ ಮಾತು ಇಷ್ಟು ವರ್ಷದ ಮೇಲೆ, ಈಗಷ್ಟೇ ಮಾಡಿದ ಕೆಲಸದ ಮೇಲೆ, ತೀರ ಸಣ್ಣದಾಗಿ ಕಂಡಿತು.

"ರೇಟಿನ ಮಾತು ಒಂದು ನೆವರಿ," ಎಂದಳು ಆಕೆ, ಈಗ ಮೊದಲ ಬಾರಿಗೆ ಅವಳೇ ಅಳುಕಿದಂತೆ. "ವಿಭಾಗೂ ಹೇಳಿಲ್ಲ. ನಿಮ್ಮ ಹತ್ರ ಒಂದು ಕಾಪಿ ಇರಬೇಕಲ್ಲ, ಅದು ಬೇಕಾಗಿತ್ತು. ಹ್ಯಾಂಗ ಕೇಳಬೇಕು ತಿಳೀಲಿಲ್ಲ. ಕ್ಯಾಸೆಟ್ಟಿನ ಶುರುವಿಗೆ, ಆ ಕಿರ್ರ್ ಅನ್ನೂದಕ್ಕಿಂತ ಮೊದಲ, ಪ್ರೋಗ್ರಾಮಿನ ಹೆಸರು ಬಾಯಿಲೆ ಹೇಳಿ ಇಡ್ತಿದ್ರು, ಹುಡುಕಲಿಕ್ಕೆ ಸಸಾರ ಆಗ್ಲಿ ಅಂತ. ಇದಕ್ಕ ಸುಯಮೀಂದ್ರನ ಕಡೆ ಹೇಳಿಸಿದ್ರು. ಅವ ಹೋದ ಮ್ಯಾಲೆ ಪ್ರೋಗ್ರಾಮ್ ತಿದ್ದಿದಾಗೂ ಆ ಧ್ವನಿ ಹಾಂಗ ಬಿಟ್ಟು ಮುಂದಿಂದಷ್ಟ ಅಳಸಿ ತುಂಬ್ತಿದ್ರು. ಅವನ ಧ್ವನಿ ಮತ್ತೆಲ್ಲೂ ಇಲ್ಲರಿ. ನಮ್ಮದು ಹಾಳಾದಾಗ, ಚನ್ನೇಶನ ಹತ್ರ ಇರ್ತದ ಅಂತ ಇವರೇ ಅಂದ್ರು. ಕೇಳ್ರಿ ಅಂದೆ. ಕೇಳಿದ್ರ ಅವ ನನ್ನ ಮುಂದ ತಲಿ ಎತ್ತಿ ನಿಲ್ಲಲಿಕ್ಕಾಗೂದಿಲ್ಲ, ಬ್ಯಾಡ ಅಂದ್ರು. ಕೇಳದೇ ಹೋಗಿಬಿಟ್ರು."

ಪಂಚಾಂಗ, ಎಂಟನೇ ನಂಬರು. ಚನ್ನೇಶನಿಗೆ ಕೇಳಿಸಿತು. ಎಳೆಯ ದನಿ, 'ನಂಬರು' ಎನ್ನುವಲ್ಲಿ ನಗು ತಡೆದುಕೊಂಡದ್ದು, ಹಿಂದೆ ಯಾರೋ ಕೆಮ್ಮಿದ್ದು. ಶಾಲೆಯ ಮಷೀನಿನ ಮುಂದೆ ಎರಡು ತಿಂಗಳು ದಿನಾ ಅದನ್ನು ಕೇಳಿದ್ದ. ಯಾರ ದನಿಯೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ, ಅದು ಬಂದ ಕೂಡಲೇ ಬೇಸರದಿಂದ ಟೇಪನ್ನು ಮುಂದಕ್ಕೆ ಓಡಿಸುತ್ತಿದ್ದ. ಹುಡುಕಿ ತರ್ತೇನ್ರಿ ಬಾಯಾರ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದು ಬಲು ಸುಲಭದ ಮಾತು. ಆಕೆ ನಂಬುತ್ತಿದ್ದಳು, ಕಾಯುತ್ತಿದ್ದಳು, ಎಪ್ಪತ್ತೈದು ದಾಟಿದ ಜೀವ ಇನ್ನೆಷ್ಟು ದಿನ ಕಾದೀತು. ಬೆಳಗಿನಿಂದ ಒಂದೇ ಸುಳ್ಳನ್ನು ಬಾಯಿಪಾಠ ಮಾಡಿದ್ದವನಿಗೆ ಈ ಎರಡನೆಯದು ಹೇಳಿಕೊಡದೆಯೇ ಬಂದಿತ್ತು. ಬಾಯಲ್ಲಿದ್ದ ಗಾರಿಗೆಯನ್ನು ಕಷ್ಟಪಟ್ಟು ನುಂಗಿದ.

"ಹೊಲಕ್ಕ ಕಟ್ಟೇವ್ರಿ," ಎಂದ.

ಆಕೆಗೆ ಅರ್ಥವಾಗಲಿಲ್ಲ.

"ಸರ ಹೋದಾಗ ಇಲ್ಲಿಗೆ ಬಂದಿದ್ನೆಲ್ರಿ, ಆ ಫೋಟೋ ನೋಡಿ ಅಂಜಿಕಿ ಆತ್ರಿ. ಸಿಕ್ಕ ಬೀಳ್ತೇನಿ ಅಂತ. ಇದ್ದ ಕ್ಯಾಸೆಟ್ ಎಲ್ಲಾ ಚೀಲಕ್ಕ ತುಂಬಿ ಚಿಕ್ಕೇರೂರಿಗೆ ನಮ್ಮ ಅಣ್ಣ ಬಸವಣ್ಣೆಪ್ಪಗ ಕೊಟ್ನಿರಿ. ಅವ ಒಳಗಿನ ಪಟ್ಟಿ ಉಚ್ಚಿ ಜ್ವಾಳದ ಹೊಲಕ್ಕ ಕಟ್ಟಿದ. ಗೂ‍ಟದಿಂದ ಗೂಟಕ್ಕ. ಹಕ್ಕಿ ಓಡಸಾಕ." ಸ್ವಲ್ಪ ತಡೆದು, "ಮಷೀನ್ ಚಾಲೂ ಐತ್ರಿ ಬಾಯಾರ. ಚಂದ ಐತಿ. ನಾನ ಸುಳ್ಳು ಹೇಳಿದ್ನಿ," ಎಂದೂ ಸೇರಿಸಿದ, ಈಗ ಅದೇನೂ ಮುಖ್ಯವಲ್ಲವೆಂದು ಗೊತ್ತಿದ್ದರೂ.

ವಿಮಲಾಬಾಯಿ ತಾಟಿನ ಪಕ್ಕದ ಟಿಕೆಟ್ಟನ್ನು ಮತ್ತೆ ಮಡಚಿದಳು. ಬಯ್ಯಲಿ, ತಾಟು ಎತ್ತಿ ಒಗೆಯಲಿ, ಹೊರಗೆ ನಡಿ ಅನ್ನಲಿ ಎಂದು ಅವನು ತಲೆ ಬಗ್ಗಿಸಿ ಕಾದ. ಓಣಿಯಲ್ಲಿ ತರಕಾರಿಯವನು ಕೂಗುತ್ತ ಹೋದ.

"ಇನ್ನೂ ಅದ ಏನ್ರಿ ಅಲ್ಲೆ?"

"ಹೋದ ವರ್ಷದ್ದು ರೀ. ಒಂದಿಷ್ಟು ಹರದು ಹೋಗೇತಿ. ಒಂದಿಷ್ಟು ಬೇಲಿಗೆ ಸುತಗೊಂಡು ಐತ್ರಿ. ಯಾವುದು ಯಾವ ಕ್ಯಾಸೆಟ್ಟಿಂದು ಗೊತ್ತಾಗಂಗಿಲ್ಲ."

"ಗಾಳಿ ಬಂದ್ರ ಸಪ್ಪಳಾ ಮಾಡ್ತದೇನ್ರಿ?"

"ಮಾಡತೈತ್ರಿ."

ಆಕೆ ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. ಗೋಡೆಗೆ ಕೈಯೂರಿ ಎದ್ದು, ಅವನ ಚಹಾ ಆರಿದೆಯೆಂದು ಕಪ್ಪನ್ನು ತೆಗೆದುಕೊಂಡಳು. ಅಡುಗೆಮನೆಯ ಬಾಗಿಲ ತನಕ ಹೋದವಳು ಅಲ್ಲಿಯೇ ನಿಂತು ಕೇಳಿದಳು.

"ಚಿಕ್ಕೇರೂರಿಗೆ ಇಲ್ಲಿಂದ ನೇರ ಬಸ್ ಅದ ಏನ್ರಿ, ಇಲ್ಲಾ ಹಾನಗಲ್ಲಿನ್ಯಾಗ ಬದಲಿ ಮಾಡಬೇಕೋ?"